ಕಬ್ಬಿಣವಿಲ್ಲದ ಮನೆ

ಕಲ್ಲುಕಂಬದ ಮೇಲೆ ಮೊಟ್ಟೆ ಇರಲಿಲ್ಲ.

ಫೋನಿನಲ್ಲಿ ಅಷ್ಟು ಹೇಳಿದ್ದೇ ಆ ಹುಡುಗಿ ಅಳತೊಡಗಿದಳು. ಇನ್‌ಸ್ಪೆಕ್ಟರ್ ಬೋಡಿಲ್ ಥೋರುಪ್‌ಗೆ ಮೊದಲು ನಗು ಬಂತು. ಮೊಟ್ಟೆ ಕಳುವಾಯಿತೆಂದು ಬೆಳಗಾಗುತ್ತಲೇ ಠಾಣೆಗೆ ಫೋನ್ ಮಾಡುವವರೂ ಇದ್ದಾರೆಯೇ? ಅಷ್ಟರಲ್ಲಿ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ನಿರ್ದೇಶಕ ಯೆಸ್ಪರ್ ಹೋಲ್ಕ್ ಫೋನ್ ಕಿತ್ತುಕೊಂಡು ವಿವರ ಹೇಳಿದ. ಬೋಡಿಲ್‌ಳ ನಗು ಅಲ್ಲಿಗೇ ನಿಂತಿತು.

ಮೊಟ್ಟೆ ಎಂಬುದು ಅಲ್ಲಿಯವರು ಮುದ್ದಿಗೆ ಇಟ್ಟ ಹೆಸರು. ಕಿತ್ತಳೆ ಗಾತ್ರದ ಬಿಳಿ ಗುಂಡಿನಂಥ ಅಳತೆಯ ಯಂತ್ರ ಅದು. ಭೂಮಿಯ ಕಾಂತಕ್ಷೇತ್ರವನ್ನು ಅಳೆಯಲೆಂದೇ ಹಾರಲಿದ್ದ ಉಪಗ್ರಹದ ಉದ್ದನೆಯ ತೋಳಿನ ತುದಿಯಲ್ಲಿ ಅದು ಕೂರಬೇಕಿತ್ತು. ಉಪಗ್ರಹದ ಉಳಿದ ಮೈಯೆಲ್ಲ ಆಗಲೇ ಉಡಾವಣಾ ಕೇಂದ್ರ ಸೇರಿಯಾಗಿದೆ. ಮೊಟ್ಟೆಯನ್ನು ಒಯ್ಯುವ ಲಾರಿ ಇವತ್ತು ಸಂಜೆ ಹೊರಡಬೇಕು. ಅದಿಲ್ಲದಿದ್ದರೆ ಉಪಗ್ರಹ ಕುರುಡು.

ಸ್ಕಾರೆರುಪ್ ಹಳ್ಳಿ ದಾಟಿ ಬೀಚ್ ಮರಗಳ ಕಾಡಿಗೆ ತಿರುಗಿದಾಗ ನವೆಂಬರಿನ ಗಾಳಿ ಕಾರನ್ನೇ ಅಲುಗಾಡಿಸುತ್ತಿತ್ತು. ಗೇಟಿನ ಬಳಿ ಕಾರು ನಿಲ್ಲಿಸಬೇಕಾಯಿತು. ಮುಂದಕ್ಕೆ ಕಾಲುದಾರಿ ಮಾತ್ರ. ಮೈದಾನದ ನಡುವೆ ಒಂಟಿಯಾಗಿ ಮರದ ಮನೆ ನಿಂತಿತ್ತು. ಕಬ್ಬಿಣ ಹತ್ತಿರವಿದ್ದರೆ ಕಾಂತದ ಅಳತೆ ಕೆಡುತ್ತದೆಂದು ಒಂದು ಕಬ್ಬಿಣದ ಮೊಳೆಯೂ ಇಲ್ಲದೆ ಕಟ್ಟಿದ ಮನೆ. ಮೊಳೆಗಳು ತಾಮ್ರದವು, ತಿರುಪುಗಳು ಹಿತ್ತಾಳೆಯವು, ಮಳೆನೀರಿನ ಕೊಳವೆಯೂ ತಾಮ್ರದ್ದೇ.

ಹೊರಜಗುಲಿಯಲ್ಲಿ ಮರದ ತಟ್ಟೆ ಹಿಡಿದು ನಿಂತಿದ್ದವನು ಪ್ರೆಬೆನ್ ಲಾಸ್ಟ್ರುಪ್. ಬಿಳಿ ಗಡ್ಡದ, ಉದ್ದ ಆಳು. ಆ ಮನೆಯ ಹಿರಿಯ ಅಳತೆಗಾರ. ಅವನಿಗೆ ಅಂಜದವರು ಆ ಸಂಸ್ಥೆಯಲ್ಲಿರಲಿಲ್ಲ. ಮಂತ್ರಿಯೊಬ್ಬರನ್ನು ಟೈ ಪಿನ್ನಿಗಾಗಿ ಹೊರಗೇ ನಿಲ್ಲಿಸಿದವನು ಅವನು.

ಬೋಡಿಲ್ ಪಿಸ್ತೂಲನ್ನು ಕಾರಿನಲ್ಲೇ ಬಿಟ್ಟಿದ್ದಳು. ಈಗ ಫೋನು, ಬೆಲ್ಟು, ಬೀಗದ ಕೈ, ಕೈಗಡಿಯಾರ ಒಂದೊಂದಾಗಿ ತಟ್ಟೆ ಸೇರಿದವು.

"ಬೂಟೂ ಬಿಚ್ಚಿ. ಅಡಿಯಲ್ಲಿ ತಗಡು ಇರುತ್ತೆ," ಎಂದ ಪ್ರೆಬೆನ್, ಜಗುಲಿಯ ಆ ತುದಿಗೆ ಹೋಗುತ್ತ.

"ಇನ್ನು ಹಲ್ಲೊಂದು ಬಾಕಿ," ಎಂದು ಬೋಡಿಲ್ ತನ್ನಷ್ಟಕ್ಕೆ ಗೊಣಗಿದಳು.

"ಹಲ್ಲು ಇರಲಿ ಬಿಡಿ. ಚಿನ್ನದ್ದಾದ್ರೆ ಇನ್ನೂ ಒಳ್ಳೇದು," ಎಂದು ಅವನು ಆ ತುದಿಯಿಂದಲೇ ಹೇಳಿದ.

ಆಮೇಲೆ ತನ್ನ ಸಾಮಾನುಗಳನ್ನೂ ತಟ್ಟೆಗಿಟ್ಟ. ಬೆಲ್ಟು, ಬೀಗದ ಕೈ. ಕೊನೆಗೆ ಅವಳಿಗೆ ಬೆನ್ನು ತಿರುಗಿಸಿ, ತಲೆ ತಗ್ಗಿಸಿ ಏನೋ ಮಾಡಿ, ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಮೂಲೆಗೆ ಸರಿಸಿದ. ವಯಸ್ಸಾದವನು, ಮಾತ್ರೆ ಇರಬೇಕು ಎಂದುಕೊಂಡಳು ಬೋಡಿಲ್.

ಬಾಗಿಲ ಚೌಕಟ್ಟು ಸೀಳಿತ್ತು. ಯಾರೋ ಹಾರೆ ಹಾಕಿ ಮೀಟಿದ್ದರು. ಸೀಳಿದ ಮರದ ಮೇಲೆ ಹಳದಿ ಗೀರುಗಳು. ಹಿತ್ತಾಳೆಯ ಚಿಲಕ ಉಜ್ಜಿರಬೇಕು. ಒಳಗೆ ನಡುವೆ ಸುಣ್ಣಕಲ್ಲಿನ ಕಂಬ, ಅದರ ತಲೆಯ ಮೇಲೆ ಖಾಲಿ ಗುಳಿ. ಬೇರೆ ಯಾವುದನ್ನೂ ಕಳ್ಳ ಮುಟ್ಟಿರಲಿಲ್ಲ.

ಕಾಲುಚೀಲದಲ್ಲಿ ನಿಂತ ಯೆಸ್ಪರ್ ಹೋಲ್ಕ್ ಗಳಿಗೆಗೊಮ್ಮೆ ಗಡಿಯಾರವಿಲ್ಲದ ಮಣಿಕಟ್ಟು ನೋಡಿಕೊಳ್ಳುತ್ತಿದ್ದ. ಗೋಡೆಗೆ ಒರಗಿ ನಿಂತ ಡಿಟ್ಟೆಯ ತುಟಿಯಲ್ಲಿ ಬಣ್ಣವೇ ಇರಲಿಲ್ಲ. ಫೋನ್ ಮಾಡಿದ ಹುಡುಗಿ ಇವಳೇ. ಪ್ರೆಬೆನ್‌ನ ಕೈಕೆಳಗೆ ಕಲಿತ ಎಂಜಿನಿಯರ್, ಬಂದು ಎರಡು ವರ್ಷವೂ ಆಗಿಲ್ಲ.

"ನಿನ್ನೆ ಕೊನೆಗೆ ಬೀಗ ಹಾಕಿದ್ದು ಯಾರು?" ಎಂದು ಬೋಡಿಲ್ ಪ್ರೆಬೆನ್‌ನ ಬೆನ್ನಿಗೆ ಕೇಳಿದಳು. ಅವನು ಕಂಬದ ಕಡೆ ಮುಖ ಮಾಡಿ ನಿಂತೇ ಇದ್ದ. ಮತ್ತೊಮ್ಮೆ ಕೇಳಿದಳು. ಉತ್ತರವಿಲ್ಲ.

"ಪಾಪ, ಅವನಿಗೆ ಆಘಾತ ಆಗಿದೆ," ಎಂದ ಯೆಸ್ಪರ್.

ಬೋಡಿಲ್ ಸುತ್ತಿ ಹೋಗಿ ಎದುರು ನಿಂತು ಕೇಳಿದಳು. ಅವನು ಅವಳ ಬಾಯನ್ನೇ ದಿಟ್ಟಿಸಿ, ತಡೆದು, ಒಂದೇ ಮಾತು ಹೇಳಿದ.

"ಡಿಟ್ಟೆ."

ಹುಡುಗಿ ಗೋಡೆಯಿಂದ ಬೆನ್ನು ತೆಗೆದಳು.

*

ಹೊರಗೆ ಬಂದ ಮೇಲೆ ಯೆಸ್ಪರ್ ಬೋಡಿಲ್‌ಳನ್ನು ಪಕ್ಕಕ್ಕೆ ಕರೆದ. ಕೋಪನ್‌ಹೇಗನ್‌ನಿಂದ ಗುಪ್ತಚರ ಇಲಾಖೆಯವರು ಹೊರಟಾಗಿದೆ ಎಂದ. ಡಿಟ್ಟೆ ಮೊದಲು ಕೆಲಸ ಮಾಡಿದ್ದು ಹೊರದೇಶದ ಕಂಪನಿಯಲ್ಲಿ. ಅಂಥದ್ದೇ ಅಳತೆಯ ಯಂತ್ರ ಮಾಡಲು ಹೋಗಿ ಕೈಸೋತ ಕಂಪನಿ ಅದು. ಅಲ್ಲಿಂದ ಅವಳಿಗೆ ಈಗಲೂ ಫೋನ್ ಬರುತ್ತದೆ. ಬೀಗದ ಕೈ ಇರುವುದು ಮೂವರ ಬಳಿ, ತನ್ನಲ್ಲಿ, ಪ್ರೆಬೆನ್‌ನಲ್ಲಿ, ಅವಳಲ್ಲಿ. ತಾನು ನಿನ್ನೆ ಇಡೀ ದಿನ ರಾಜಧಾನಿಯ ಸಭೆಯಲ್ಲಿದ್ದೆ ಎಂದ. ಪ್ರೆಬೆನ್‌ನನ್ನು ಅನುಮಾನಿಸುವುದೆಂದರೆ ಈ ಮನೆಯನ್ನೇ ಅನುಮಾನಿಸಿದಂತೆ.

"ಬಾಗಿಲು ಮೀಟಿದ್ದಾರಲ್ಲ. ಬೀಗದ ಕೈ ಇರೋರು ಯಾಕೆ ಮೀಟ್ತಾರೆ?"

"ಹೊರಗಿನವರು ಅಂತ ತೋರಿಸೋಕೆ," ಎಂದ ಅವನು.

ಬೋಡಿಲ್ ಗೇಟಿನ ಕಡೆ ನೋಡಿದಳು. ಗುಪ್ತಚರರು ಬಂದರೆಂದರೆ ಪ್ರಕರಣ ಅವಳ ಕೈ ತಪ್ಪಿತು. ಅವರು ಹುಡುಗಿಯನ್ನು ಕರೆದೊಯ್ಯುತ್ತಾರೆ. ಮುಂದೆ ಅವಳು ನಿರಪರಾಧಿ ಎಂದು ಸಾಬೀತಾದರೂ, ಒಮ್ಮೆ ಭದ್ರತಾ ಅನುಮತಿ ರದ್ದಾದವರನ್ನು ಯಾವ ಉಪಗ್ರಹದ ಹತ್ತಿರಕ್ಕೂ ಯಾರೂ ಬಿಡುವುದಿಲ್ಲ. ಬೋಡಿಲ್‌ಳ ಕೈಯಲ್ಲಿದ್ದದ್ದು ಒಂದು ಮಧ್ಯಾಹ್ನ ಮಾತ್ರ.

ಹೊರಗಿನ ಕಳ್ಳ ಎಂದರೆ ಅವಳಿಗೆ ನೆನಪಾಗುವ ಹೆಸರು ಒಂದೇ. ಬೆನ್ನಿ ಸ್ಕೌ. ಚರ್ಚಿನ ಚಾವಣಿಯ ತಾಮ್ರವನ್ನೂ ಬಿಡದವನು.

*

ಬೆನ್ನಿ ತನ್ನ ಗುಜರಿ ಅಂಗಳದಲ್ಲಿ ಹಳೆಯ ಡಬ್ಬದ ಮೇಲೆ ಕೂತು ರೈ ರೊಟ್ಟಿಗೆ ಲಿವರ್ ಪೇಸ್ಟ್ ಸವರುತ್ತಿದ್ದ. ಬೋಡಿಲ್‌ಳನ್ನು ಕಂಡು ಏಳಲೂ ಇಲ್ಲ.

"ಈ ಸಲ ಯಾವ ಚರ್ಚು, ಬೋಡಿಲ್?"

"ಕಾಡಿನ ಮರದ ಮನೆ."

"ಏನು ಹೋಗಿದೆ? ಕೊಳವೆನಾ?"

"ಕೊಳವೆ ಹಾಗೇ ಇದೆ."

ಅವನ ಚಾಕು ನಿಂತಿತು. "ಅಂದ್ರೆ ನಾನಲ್ಲ ಅಂತ ನಿಂಗೆ ಅಲ್ಲೇ ಗೊತ್ತಾಗ್ಬೇಕಿತ್ತು. ಅಷ್ಟುದ್ದ ತಾಮ್ರ ಕಣ್ಣೆದುರಿಗೆ ಇಟ್ಕೊಂಡು ಬರಿಗೈಲಿ ಬರೋಕೆ ನಾನೇನು ಸನ್ಯಾಸಿನಾ?"

ಮಾತು ಸರಿಯಾಗಿಯೇ ಇತ್ತು. ಆದರೂ ಪೊಲೀಸ್ ಪದ್ಧತಿ. ಗೋಡೆಗೆ ಒರಗಿಸಿದ್ದ ಅವನ ಹಾರೆಯನ್ನು ಕೈಗೆತ್ತಿಕೊಂಡಳು. ಭಾರವಾಗಿತ್ತು, ತಣ್ಣಗಿತ್ತು. ಮರಳಿ ಇಟ್ಟು ಅಂಗೈ ನೋಡಿಕೊಂಡಳು. ತುಕ್ಕಿನ ಕಂದು ಗೆರೆ ಮೂಡಿತ್ತು.

ಕರವಸ್ತ್ರದಿಂದ ಒರೆಸುತ್ತ ಇದ್ದಕ್ಕಿದ್ದಂತೆ ನಿಂತಳು.

ಆ ಬಾಗಿಲಿನ ಸೀಳಿದ ಮರದಲ್ಲಿ ಇಂಥ ಒಂದೂ ಗೆರೆ ಇರಲಿಲ್ಲ. ಕಪ್ಪಿಲ್ಲ, ಕಂದಿಲ್ಲ, ಬರೀ ಹಳದಿ. ಚಿಲಕವಿದ್ದದ್ದು ಎದೆಯ ಮಟ್ಟದಲ್ಲಿ. ಗೀರುಗಳಿದ್ದದ್ದು ಮೊಣಕಾಲಿನ ಹತ್ತಿರ. ಚಿಲಕ ಅಲ್ಲಿಗೆ ಉಜ್ಜುವುದು ಹೇಗೆ?

"ಬೆನ್ನಿ, ಹಿತ್ತಾಳೆದೋ ಕಂಚಿಂದೋ ಹಾರೆ ನೋಡಿದ್ದೀಯಾ?"

"ನೋಡಿದ್ರೆ ಅದನ್ನೇ ಕದ್ದು ಮಾರ್ತಿದ್ದೆ."

*

ಮರದ ಮನೆಯ ಉಪಕರಣದ ಕಪಾಟಿನಲ್ಲಿ ಕಂಚಿನ ಹಾರೆ ತನ್ನ ಜಾಗದಲ್ಲೇ ಇತ್ತು. ತುದಿಯಲ್ಲಿ ಮರದ ನಾರು ಸಿಕ್ಕಿಕೊಂಡಿತ್ತು.

ಬೋಡಿಲ್‌ಗೆ ಗೆದ್ದೆ ಎನಿಸಲಿಲ್ಲ. ಕಳ್ಳ ಒಳಗಿನವನೇ ಎಂಬುದು ಈಗ ಖಚಿತ. ಕಳ್ಳತನದ ನಾಟಕ ಆಡುವಾಗಲೂ ಆ ಮನೆಗೆ ಕಬ್ಬಿಣ ತರಲು ಅವನ ಕೈ ಒಪ್ಪಿಲ್ಲ. ಇದನ್ನು ಗುಪ್ತಚರರಿಗೆ ಹೇಳಿದರೆ ಡಿಟ್ಟೆಯ ಕತ್ತಿನ ಉರುಳು ಇನ್ನಷ್ಟು ಬಿಗಿಯುತ್ತದೆ. ಹೇಳದೆ ಮುಚ್ಚಿಡುವ ಹಾಗೂ ಇಲ್ಲ.

ಹುಡುಗಿ ಕಚೇರಿಯ ಅಡುಗೆಕೋಣೆಯಲ್ಲಿ ಕೂತಿದ್ದಳು. ಕಚೇರಿಯ ಕಟ್ಟಡ ಕಾಡಂಚಿನಲ್ಲಿ ಬೇರೆಯಾಗಿತ್ತು. ಅವಳ ಮುಂದಿನ ಕಾಫಿ ತಣ್ಣಗಾಗಿ ಕೆನೆಗಟ್ಟಿತ್ತು. ಕಿಟಕಿಯಿಂದ ಗೇಟು ಕಾಣುತ್ತಿತ್ತು. ಹೊರಗೆ ಯಾವ ಸದ್ದಾದರೂ ಅವಳ ಕಣ್ಣು ಅತ್ತ ಓಡುತ್ತಿತ್ತು.

"ಅವರು ನನ್ನ ಕರ್ಕೊಂಡು ಹೋಗ್ತಾರಾ?"

ಬೋಡಿಲ್ ಎದುರಿನ ಕುರ್ಚಿ ಎಳೆದು ಕೂತಳು. ಹಳೆಯ ಕಂಪನಿಯ ಫೋನಿನ ಬಗ್ಗೆ ಕೇಳಿದಳು. ಅಲ್ಲೊಬ್ಬ ಹುಡುಗನಿದ್ದಾನೆ, ಕೆಲಸದ ಮಾತೇ ಆಡುವುದಿಲ್ಲ ಎಂದಳು ಡಿಟ್ಟೆ. ಮುಖ ಕೆಂಪಾಯಿತು. ಬೋಡಿಲ್ ನಂಬಿದಳು. ಆದರೆ ಪೊಲೀಸರ ನಂಬಿಕೆ ಯಾವ ಕೋರ್ಟಿನಲ್ಲೂ ಸಾಕ್ಷಿಯಲ್ಲ.

"ಆ ಮೊಟ್ಟೆ ಕದ್ದವರು ಎಲ್ಲಿಡಬಹುದು?"

"ಎಲ್ಲಿಟ್ಟರೂ ಹಾಳಾಗುತ್ತೆ." ಡಿಟ್ಟೆಗೆ ಆ ಸಂಕಟದಲ್ಲೂ ರೇಗಿತು. "ಕಾರಲ್ಲಿಟ್ರೆ ಸುತ್ತ ಕಬ್ಬಿಣ. ಮನೇಲಿ ಫ್ರಿಜ್ಜು, ಮೊಳೆ, ಸ್ಪೀಕರು. ಅದನ್ನ ಒಂದು ಸಲ ಅಳತೆಗೆ ಕೂರಿಸಿದ ಮೇಲೆ ನಾವು ಅದರ ಹತ್ತಿರ ಸ್ಪ್ಯಾನರ್ ಕೂಡ ತರೋಲ್ಲ. ಇಷ್ಟು ಹೊತ್ತಿಗೆ ಅದು ಕೆಲಸಕ್ಕೆ ಬಾರದ್ದು ಆಗಿರುತ್ತೆ. ಪ್ರೆಬೆನ್ ಬೇಸಿಗೆಯಿಂದ ಅದರ ಪಕ್ಕದಲ್ಲೇ ಕೂತು, ಕೈಯಾರೆ ತಿರುಗಿಸಿ ತಿರುಗಿಸಿ, ಅದು ತೋರಿಸೋ ಅಂಕಿ ಎಷ್ಟು ಸರಿ ಅಂತ ಅಳೆದಿದ್ರು. ನನಗೂ ಮುಟ್ಟೋಕೆ ಬಿಟ್ಟಿರಲಿಲ್ಲ."

ಬೋಡಿಲ್ ಕಿಟಕಿಯ ಬಳಿ ಹೋಗಿ ನಿಂತಳು. ಬಾಗಿಲು ಮುರಿಯುವಾಗಲೂ ಆ ಮನೆಗೆ ಕಬ್ಬಿಣ ಸೋಕಿಸದವನು, ಮೊಟ್ಟೆಯನ್ನು ಕಬ್ಬಿಣದ ನಡುವೆ ಬಿಸಾಡುತ್ತಾನೆಯೇ? ಸುತ್ತಮುತ್ತ ಕಬ್ಬಿಣವಿಲ್ಲದ ಜಾಗ ಎಷ್ಟಿವೆ? ಒಂದೇ ಒಂದು.

ಹಾಗಾದರೆ ಮೊಟ್ಟೆ ಆ ಮನೆ ಬಿಟ್ಟು ಹೋಗಿಯೇ ಇಲ್ಲ. ಮಾರುವವನು ಅಲ್ಲಿಯೇ ಬಿಡುತ್ತಾನೆಯೇ? ಇಲ್ಲ. ಹಾಗಾದರೆ ಇದು ದುಡ್ಡಿಗಲ್ಲ. ಯಾರಿಗೋ ಅದು ಲಾರಿ ಹತ್ತಬಾರದು, ಅಷ್ಟೇ.

ಬೇಸಿಗೆಯಿಂದ ಅದರ ಪಕ್ಕದಲ್ಲೇ ಕೂತು ಅಳೆದವನು ಯಾರು?

"ಡಿಟ್ಟೆ, ಪ್ರೆಬೆನ್ ತಟ್ಟೇಲಿ ಒಂದು ಸಣ್ಣ ಡಬ್ಬಿ ಇಡ್ತಾನಲ್ಲ. ಅದೇನು?"

"ಗೊತ್ತಿಲ್ಲ. ಹೋದ ವಾರದವರೆಗೂ ಅವರು ಡಬ್ಬಿ ಇಡ್ತಿರಲಿಲ್ಲ. ಈಗ ಇಡ್ತಾರೆ."

"ಈಗೀಗ ಆ ಮನೆಯೊಳಗೆ ನೀನು ಮಾತಾಡಿಸಿದ್ರೆ ಉತ್ತರ ಕೊಡ್ತಾನಾ?"

ಡಿಟ್ಟೆ ಹುಬ್ಬು ಗಂಟಿಕ್ಕಿದಳು. "ಇಲ್ಲ. ಹೊರಗಡೆ ಚೆನ್ನಾಗೇ ಮಾತಾಡ್ತಾರೆ. ಒಳಗೆ ಹೋದ್ರೆ ನನ್ನ ಕಡೆ ತಿರುಗೋದೂ ಇಲ್ಲ. ನನ್ನ ಮೇಲೆ ಏನೋ ಕೋಪ ಅಂದ್ಕೊಂಡಿದ್ದೆ."

ಗೇಟಿನಲ್ಲಿ ಲಾರಿ ಬಂದು ನಿಂತಿತು. ಅದರ ಹಿಂದೆಯೇ ಒಂದು ಕಪ್ಪು ಕಾರು.

*

ಗುಪ್ತಚರರು ಇಬ್ಬರು. ಅವರನ್ನು ಜಗುಲಿಯಲ್ಲೇ ನಿಲ್ಲಿಸಿ, ಸ್ವಲ್ಪ ತಡೆಯಿರಿ ಎಂದು ಬೋಡಿಲ್ ಕೈಮುಗಿಯುವುದೊಂದು ಬಾಕಿ. ಬೂಟು ಬಿಚ್ಚಲು ಅವರು ಮೂಗು ಮುರಿದದ್ದೇ ಅವಳಿಗೆ ಅನುಕೂಲವಾಯಿತು. ಯೆಸ್ಪರ್, ಡಿಟ್ಟೆ, ಪ್ರೆಬೆನ್ ಮೂವರನ್ನು ಒಳಗೆ ಕರೆದಳು. ಎಲ್ಲರ ಸಾಮಾನೂ ತಟ್ಟೆಗೆ ಹೋಯಿತು. ಡಬ್ಬಿಯೂ ಹೋಯಿತು. ಊಹೆ ತಪ್ಪಾದರೆ ಹುಡುಗಿಯ ಕತೆ ಇಲ್ಲಿಗೇ ಮುಗಿಯುತ್ತದೆ.

ಕಂಬದ ಬುಡದ ಹಲಗೆಗಳನ್ನು ಮಂಡಿಯೂರಿ ನೋಡಿದಳು. ಎಲ್ಲ ತಿರುಪುಗಳೂ ಮಾಸಿ ಹಸಿರಾಗಿದ್ದವು. ಒಂದು ಹಲಗೆಯ ತಿರುಪುಗಳ ತಲೆ ಮಾತ್ರ ಹೊಸದಾಗಿ ಕೆರೆದಂತೆ ಹೊಳೆಯುತ್ತಿತ್ತು. ಡಿಟ್ಟೆ ಕಂಚಿನ ತಿರುಪುಳಿ ತಂದಳು. ಒಂದೊಂದೇ ತಿರುಪು ಬಿಚ್ಚಿ ಹಲಗೆ ಎತ್ತಿದಳು.

ಹಲಗೆಯ ಕೆಳಗೆ ಬೂದು ಉಣ್ಣೆಯ ಮಫ್ಲರ್. ಮಫ್ಲರಿನೊಳಗೆ ಮೊಟ್ಟೆ.

ಡಿಟ್ಟೆ ಅದನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿದಳು. ಯೆಸ್ಪರ್ ಅವಳ ಕೈಯಿಂದ ಅದನ್ನು ಹೆಚ್ಚುಕಡಿಮೆ ಕಿತ್ತುಕೊಂಡ. ಯಾರು ಕದ್ದರು ಎಂಬುದು ಅವನಿಗೆ ಆ ಗಳಿಗೆ ಬೇಕಾಗಿರಲೇ ಇಲ್ಲ. ಲಾರಿ ಕಾಯುತ್ತಿದೆ, ಕತ್ತಲಾಗುವ ಮೊದಲು ಹೊರಡಲಿ ಎನ್ನುತ್ತ ಬಾಗಿಲಿಗೆ ತಿರುಗಿದ.

ಪ್ರೆಬೆನ್ ಬಾಗಿಲಿಗೆ ಅಡ್ಡ ನಿಂತ.

"ಅದು ಹೋಗಬಾರದು," ಎಂದ. ಧ್ವನಿ ಬೇಕಾದ್ದಕ್ಕಿಂತ ಜೋರಾಗಿತ್ತು. "ಅದರ ಅಳತೆ ಸುಳ್ಳು."

"ನೀನೇ ಅಳೆದಿದ್ದಲ್ಲೋ," ಎಂದ ಯೆಸ್ಪರ್. ಪ್ರೆಬೆನ್ ಸುಮ್ಮನೆ ಅವನ ತುಟಿ ನೋಡಿದ. ಅದು ಆಗಲೇ ಮುಚ್ಚಿತ್ತು.

"ಅವನಿಗೆ ಕೇಳಿಸ್ತಿಲ್ಲ," ಎಂದಳು ಬೋಡಿಲ್.

ಅವನ ಎದುರೇ ಅವನ ವಿಷಯ ಹೇಳುವುದು ಅವಳಿಗೆ ಕಷ್ಟವಾಯಿತು. ಆದರೂ ಹೇಳಿದಳು. ಬೆಳಿಗ್ಗೆ ಜಗುಲಿಯ ಆ ತುದಿಯಿಂದ ತನ್ನ ಗೊಣಗಾಟ ಕೇಳಿಸಿಕೊಂಡವನು, ಒಳಗೆ ಬೆನ್ನ ಹಿಂದೆಯೇ ನಿಂತು ಎರಡು ಸಲ ಕೇಳಿದರೂ ತಿರುಗಲಿಲ್ಲ. ನಡುವೆ ಅವನು ಮಾಡಿದ್ದು ಒಂದೇ, ಡಬ್ಬಿಯೊಳಗೆ ಏನನ್ನೋ ಇಟ್ಟದ್ದು. ಕಿವಿಯೊಳಗೆ ಕೂರುವ, ಯಾರ ಕಣ್ಣಿಗೂ ಬೀಳದ ಶ್ರವಣ ಯಂತ್ರ. ಕಿವಿ ಕೇಳಿಸದು ಎಂದು ಹೇಳಿಕೊಳ್ಳಲು ಅವನಿಗೆ ನಾಚಿಕೆ. ಅದರೊಳಗೆ ಪುಟ್ಟ ಸ್ಪೀಕರು. ಸ್ಪೀಕರಿನೊಳಗೆ...

"ಅಯಸ್ಕಾಂತ," ಎಂದಳು ಡಿಟ್ಟೆ. ಅವಳ ಕೈ ಬಾಯಿಗೆ ಹೋಯಿತು.

ಬೇಸಿಗೆಯಿಂದ ಅದನ್ನು ಕಿವಿಯಲ್ಲಿಟ್ಟುಕೊಂಡೇ ಅವನು ಮೊಟ್ಟೆಯ ಮೇಲೆ ಬಗ್ಗಿ ಕೂತು ಅಳೆದಿದ್ದ. ಊರವರ ಪಿನ್ನು, ಗುಂಡಿ, ಕೊಕ್ಕೆ ಎಲ್ಲ ಹುಡುಕಿ ತೆಗೆಸಿದವನಿಗೆ ತನ್ನ ಕಿವಿ ಮರೆತೇಹೋಗಿತ್ತು. ಹೋದ ವಾರ ಅದು ಗೊತ್ತಾಗಿದೆ. ಅಂದಿನಿಂದ ಡಬ್ಬಿ ಬಂದಿದೆ. ಮೊಟ್ಟೆ ಮಾಯವಾದರೆ ಉಡಾವಣೆ ಮುಂದೆ ಹೋಗುತ್ತದೆ, ಬದಲಿ ಮೊಟ್ಟೆಯನ್ನು ಹೊಸದಾಗಿ ಅಳೆಯುತ್ತಾರೆ, ತನ್ನ ತಪ್ಪು ತಿಳಿಯುವುದಿಲ್ಲ. ಹಾಗೆಂದು ಅವನು ಲೆಕ್ಕ ಹಾಕಿದ. ಡಿಟ್ಟೆ ಬೀಗ ಹಾಕಿಕೊಂಡು ಹೋದ ಮೇಲೆ ತನ್ನ ಬೀಗದ ಕೈಯಿಂದ ತೆರೆದು, ಕಂಚಿನ ಹಾರೆಯಿಂದ ಬಾಗಿಲು ಸೀಳಿದ.

"ಕಬ್ಬಿಣದ ಹಾರೆ ತಂದಿದ್ರೆ ನಾನು ಇನ್ನೂ ಗುಜರಿ ಬೆನ್ನಿಯ ಅಂಗಳದಲ್ಲೇ ಇರ್ತಿದ್ದೆ," ಎಂದು ಬೋಡಿಲ್ ಮುಗಿಸಿದಳು. "ಆದ್ರೆ ಇವನಿಗೆ ಅದು ಆಗಲಿಲ್ಲ. ಈ ಮನೆಗೆ ಕಬ್ಬಿಣ ತರೋದು ಇವನ ಕೈಲಿ ಆಗೋದಿಲ್ಲ."

ಪ್ರೆಬೆನ್ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ಮಾತು ಮುಗಿದದ್ದು ಅವನಿಗೆ ಅವರ ಮುಖದಿಂದಲೇ ತಿಳಿಯಿತು. ಭುಜ ಇಳಿಬಿದ್ದವು.

ಯೆಸ್ಪರ್ ಮೊಟ್ಟೆಯನ್ನು ಕಂಬದ ಮೇಲೆ ಮೆಲ್ಲನೆ ಇಟ್ಟ. ಅದು ಹಾಗೇ ಹಾರಿದ್ದರೆ ವರ್ಷಗಟ್ಟಲೆ ಇಡೀ ಜಗತ್ತು ಈ ಅಳತೆಯನ್ನು ನಂಬಿ ನಕ್ಷೆ ಬರೆಯುತ್ತಿತ್ತು. ಅದನ್ನು ನೆನೆದೋ ಏನೋ ಅವನು ಬೈಯಲೂ ಇಲ್ಲ. ಲಾರಿಯವನಿಗೆ ಹೇಳಿಬರುತ್ತೇನೆ ಎಂದು ಹೊರಗೆ ಹೋದ.

*

ಡಿಟ್ಟೆ ಪ್ರೆಬೆನ್‌ನ ತೋಳು ಹಿಡಿದು ಜಗುಲಿಗೆ ಕರೆತಂದಳು. ತಟ್ಟೆಯಿಂದ ಡಬ್ಬಿ ತೆಗೆದು ಅವನ ಅಂಗೈಯಲ್ಲಿಟ್ಟಳು. ಅವನು ಬೇಡವೆಂದು ತಲೆಯಾಡಿಸಿದ. ಅವಳು ಕದಲಲಿಲ್ಲ. ಗುಪ್ತಚರರು ಒಂದು ಹೆಜ್ಜೆ ಮುಂದಿಟ್ಟಾಗ ಬೋಡಿಲ್ ಕೈ ಅಡ್ಡ ಹಿಡಿದಳು.

ಕೊನೆಗೆ ಅವನು ತಲೆ ತಗ್ಗಿಸಿ ಯಂತ್ರವನ್ನು ಕಿವಿಗೆ ಸೇರಿಸಿದ.

"ಕೇಳಿಸ್ತಿದೆಯಾ?"

"ಕೇಳಿಸ್ತಿದೆ."

"ಮೊದಲನೇ ದಿನ ಒಳ ಉಡುಪಿನ ಕೊಕ್ಕೆಗೋಸ್ಕರ ನನ್ನ ವಾಪಸ್ ಮನೆಗೆ ಕಳಿಸಿದ್ರಿ. ನಾನು ಬೇಜಾರು ಮಾಡ್ಕೊಳ್ಳಲಿಲ್ಲ ಪ್ರೆಬೆನ್. ಈ ಮನುಷ್ಯ ಸುಳ್ಳು ಅಳತೆ ಯಾವತ್ತೂ ಒಪ್ಪೋದಿಲ್ಲ ಅಂತ ಖುಷಿನೇ ಆಯ್ತು. ನಿಮಗೆ ಕಿವಿ ಕೇಳಿಸೋದಿಲ್ಲ ಅಂದಿದ್ರೆ ನಾನು ಎದುರಿಗೆ ನಿಂತು ಮಾತಾಡ್ತಿದ್ದೆ. ಅಷ್ಟೇ ತಾನೆ?" ಅವಳು ಉಸಿರೆಳೆದುಕೊಂಡಳು. "ಇವತ್ತು ಬೆಳಿಗ್ಗೆ ಇವರು ಬೀಗ ಹಾಕಿದ್ದು ಯಾರು ಅಂತ ಕೇಳಿದ್ರು. ನೀವು ನನ್ನ ಹೆಸರು ಹೇಳಿದ್ರಿ. ನಿಮ್ಮ ಕಿವಿ ಡಬ್ಬೀಲಿತ್ತು. ನಿಜ ಹೇಳೋಕೆ ಬಾಯಿ ಇತ್ತಲ್ಲ."

ಗಾಳಿ ಜೋರಾಯಿತು. ತಾಮ್ರದ ಕೊಳವೆ ಕಟಕಟ ಎಂದಿತು. ಅವನಿಗೆ ಎಲ್ಲವೂ ಕೇಳಿಸುತ್ತಿತ್ತು.

"ಬೀಗ ಹಾಕಿದ್ದು ನೀನೇ ಆಗಿತ್ತು," ಎಂದ ಪ್ರೆಬೆನ್. "ಅದಷ್ಟು ನಿಜ ಅಂತ ನನಗೆ ನಾನೇ ಹೇಳ್ಕೊಂಡೆ. ನಿನ್ನ ಕರ್ಕೊಂಡು ಹೋಗ್ತಾರೆ ಅಂತ ಗೊತ್ತಾದ ಮೇಲೂ ಸುಮ್ಮನಿದ್ದೆ."

ಅವಳು ತಟ್ಟೆಯತ್ತ ತಿರುಗಿದಳು. ಬೆಲ್ಟು, ಬೀಗದ ಕೈ ಎತ್ತಿ ಅವನಿಗೆ ಕೊಟ್ಟಳು. ಗೇಟಿನಲ್ಲಿ ಲಾರಿ ಖಾಲಿಯಾಗಿಯೇ ತಿರುಗುತ್ತಿತ್ತು. ಬೋಡಿಲ್ ಅವನನ್ನು ತನ್ನ ಕಾರಿನ ಕಡೆ ನಡೆಸಿದಳು. ಹುಡುಗಿ ಉಳಿದದ್ದಕ್ಕೆ ಅವಳ ಎದೆ ಹಗುರವಾಗಿತ್ತು. ಆದರೂ ಮುದುಕನ ತೋಳು ಹಿಡಿದ ಕೈಗೆ ಯಾವ ಹೆಮ್ಮೆಯೂ ಇರಲಿಲ್ಲ.

ಕಾಲುದಾರಿಯ ನಡುವೆ ಅವನು ನಿಂತು ತಿರುಗಿದ. ಡಿಟ್ಟೆ ಆಗಲೇ ಮುರಿದ ಬಾಗಿಲ ಬಳಿ ಇದ್ದಳು. ಮೊಟ್ಟೆಯನ್ನು ಮೊದಲಿನಿಂದ ಅಳೆಯಬೇಕಿತ್ತು.

"ಡಿಟ್ಟೆ, ತಲೆಯಲ್ಲಿ ಪಿನ್ನಿದೆ. ತೆಗಿ."

"ಕಬ್ಬಿಣದ್ದು ಬೆಳಿಗ್ಗೆನೇ ತೆಗೆದಿದ್ದೀನಿ," ಎಂದಳು ಅವಳು. "ಇದು ಮರದ್ದು."

ಬಾಗಿಲು ಎಳೆದುಕೊಂಡಳು. ಚೌಕಟ್ಟು ಸೀಳಿದ್ದರಿಂದ ಅದು ಪೂರ್ತಿ ಮುಚ್ಚಲಿಲ್ಲ.